ನೇಕಾರರ ನಾಟಕವೂ ಟಿಕೀಟಿನ ದರವೂ

(ಗಿರಣಿ ಕಾಮಗಾರರ ನಾಟಕ ಮಂಡಳಿಯ ವಾರ್ಷಿಕ ಕೂಟದಲ್ಲಿ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಹಗಲು ಪಾಳಿ ಮುಗಿಸಿದವರು ಮನೆಗೆ ಹೋಗದೆ ನೆಟ್ಟಗೆ ಇಲ್ಲಿಗೇ ಬಂದಿದ್ದೀರಿ. ರಾತ್ರಿ ಪಾಳಿಯವರು ಬುತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸುವುದಿಲ್ಲ. ಈ ಸಾರಿ ನಮ್ಮ ಮಂಡಳಿ ಆಡಲು ಹೊರಟಿರುವ ನಾಟಕದ ವಿಷಯವಾಗಿ ಎರಡು ಪ್ರಶ್ನೆಗಳು ಎದ್ದಿವೆ. ಕನ್ನಡದಲ್ಲಿ ನಾಟಕಗಳಿಗೆ ಬರವೆ, ಜರ್ಮನಿಯ ನಾಟಕವೇ ಏಕೆ ಬೇಕಾಯಿತು ಎಂಬುದು ಒಂದು. ಊರಿನ ಗೃಹಸ್ಥರೊಬ್ಬರು ತಾವಾಗಿಯೇ ದೊಡ್ಡ ಸಭಾಂಗಣ ಕೊಡಿಸುತ್ತೇನೆಂದಾಗ ನಾವೇಕೆ ಹಿಂದೆ ಮುಂದೆ ನೋಡುತ್ತಿದ್ದೇವೆ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕತೆಯಲ್ಲಿದೆ. ಅದನ್ನು ಹೇಳುವುದಕ್ಕೆ ನಿಂತಿದ್ದೇವೆ.

ಸಿಲೇಸಿಯಾ ಎಂಬುದೊಂದು ಸೀಮೆ. ಇಂದು ಅದರ ಬಹುಭಾಗ ಪೋಲೆಂಡಿಗೆ ಸೇರಿದೆ. ಆಗ ಪ್ರಷ್ಯಾ ದೊರೆಯ ಆಳ್ವಿಕೆಯಲ್ಲಿತ್ತು. ಬೆಟ್ಟದ ಬುಡದ ಹಳ್ಳಿಗಳಲ್ಲಿ ಮನೆ ಮನೆಯಲ್ಲೂ ಮಗ್ಗ. ವ್ಯವಸ್ಥೆ ಹೇಗಿತ್ತೆಂದರೆ, ನೂಲು ಸಾಹುಕಾರನದು, ಮಗ್ಗವೂ ರಟ್ಟೆಯೂ ನೇಕಾರನದು, ಬಟ್ಟೆಯ ಬೆಲೆ ಕಟ್ಟುವ ಬಾಯಿ ಮತ್ತೆ ಸಾಹುಕಾರನದು. ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಗಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಕುಳಿತಿರುವ ಎಷ್ಟೋ ಮಂದಿಯ ಅಜ್ಜಂದಿರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟುಕೊಂಡು ಕುಳಿತವರೇ. ಇಂಗ್ಲೆಂಡಿನ ಯಂತ್ರದ ಬಟ್ಟೆ ಪೇಟೆಗೆ ಬಂದು ದರ ಬಿದ್ದಾಗ, ಆ ನಷ್ಟವನ್ನು ಸಾಹುಕಾರರು ತಾವು ಹೊರಲಿಲ್ಲ. ಮಗ್ಗದ ಮೇಲೆ ಹೊರಿಸಿದರು. ಕೂಲಿ ಇಳಿಯಿತು, ಮತ್ತೆ ಇಳಿಯಿತು. ಕೂಲಿ ಇಳಿದಷ್ಟೂ ಹೊಟ್ಟೆಗಾಗಿ ಹೆಚ್ಚು ನೇಯಬೇಕು; ಹೆಚ್ಚು ನೇಯ್ದಷ್ಟೂ ಬಟ್ಟೆ ರಾಶಿಬಿದ್ದು ದರ ಇನ್ನೂ ಇಳಿಯಬೇಕು. ಈ ಗಾಣಕ್ಕೆ ಅವರನ್ನು ಕಟ್ಟಿದ್ದರು.

ಪೀಟರ್ಸ್‌ವಾಲ್ಡೌ ಎಂಬ ಹಳ್ಳಿಯಲ್ಲಿ ಸ್ವಾಂಟ್ಸಿಗರ್ ಎಂಬ ಮನೆತನದ ಸಾಹುಕಾರರಿದ್ದರು. ನೇಕಾರರು ಅವರ ಮೇಲೆ ಒಂದು ಹಾಡು ಕಟ್ಟಿದರು. ಹಾಡು ಬಾಯಿಂದ ಬಾಯಿಗೆ ಹೋಯಿತು. ಸಾಹುಕಾರರ ಮನೆಯ ಮುಂದೆಯೂ ಹಾಡಿದರು. ಹಾಡಿದವರಲ್ಲೊಬ್ಬನನ್ನು ಹಿಡಿದುಹಾಕಿದಾಗ, 1844ನೆಯ ಇಸವಿ ಜೂನ್ 4ರಂದು ಜನ ಗುಂಪುಗೂಡಿ ಬಂದು ಮನೆಯನ್ನೂ ಉಗ್ರಾಣವನ್ನೂ ಪುಡಿಪುಡಿ ಮಾಡಿದರು. ಮರುದಿನ ಪಕ್ಕದ ಲಾಂಗೆನ್‌ಬೀಲೌ ಹಳ್ಳಿಯಲ್ಲಿ ಸೈನ್ಯ ಗುಂಡು ಹಾರಿಸಿತು. ಹನ್ನೊಂದು ಮಂದಿ ಸತ್ತರು. ರೊಚ್ಚಿಗೆದ್ದ ಜನ ಕಲ್ಲು ದೊಣ್ಣೆಗಳಿಂದಲೇ ಸಿಪಾಯಿಗಳನ್ನು ಹಿಮ್ಮೆಟ್ಟಿಸಿದರಾದರೂ, ಹೆಚ್ಚಿನ ಸೈನ್ಯ ಫಿರಂಗಿಗಳೊಡನೆ ಬಂದ ಮೇಲೆ ಎಲ್ಲ ಮುಗಿಯಿತು. ಮೂರು ದಿನದ ದಂಗೆ.

ಇಂಥ ದಂಗೆಗಳು ಎಲ್ಲ ದೇಶಗಳಲ್ಲೂ ಆಗಿವೆ, ಮರೆತೂ ಹೋಗಿವೆ. ಇದು ಮರೆಯದೆ ಉಳಿದದ್ದಕ್ಕೆ ಒಂದು ಮುಖ್ಯ ಕಾರಣ ಗೆರ್ಹಾರ್ಟ್ ಹೌಪ್ಟ್‌ಮನ್ ಎಂಬ ನಾಟಕಕಾರ. 1862ರಲ್ಲಿ ಅದೇ ಸಿಲೇಸಿಯಾದಲ್ಲಿ ಹುಟ್ಟಿದವನು. ಅವನ ಅಜ್ಜ ತರುಣದಲ್ಲಿ ಮಗ್ಗಕ್ಕೆ ಕುಳಿತವನು. ಅಜ್ಜನ ಕತೆಗಳನ್ನು ತಂದೆ ಮಗನಿಗೆ ಹೇಳಿದ್ದ. 1891ರಲ್ಲಿ ಹೌಪ್ಟ್‌ಮನ್ ಆ ಹಳ್ಳಿಗಳಲ್ಲಿ ತಿರುಗಾಡಿ ಮನೆಗಳ ಒಳಹೊಕ್ಕು ನೋಡಿದ. ದಂಗೆಯಾಗಿ ನಲವತ್ತೇಳು ವರ್ಷವಾಗಿತ್ತು, ಮಗ್ಗದ ಮನೆಯ ಹಸಿವು ಹೋಗಿರಲಿಲ್ಲ. ಆಮೇಲೆ ಬರೆದ ನಾಟಕವೇ 'ನೇಕಾರರು'. ಮೊದಲು ತನ್ನ ಸೀಮೆಯ ಆಡುಮಾತಿನಲ್ಲೇ ಬರೆದ. ಬಳಿಕ ಉಳಿದವರಿಗೂ ಅರ್ಥವಾಗಲೆಂದು ಶಿಷ್ಟಭಾಷೆಗೆ ಹತ್ತಿರ ತಂದ. ಸ್ವಾಂಟ್ಸಿಗರ್ ಎಂಬ ಹೆಸರಿನಲ್ಲಿ ಇಪ್ಪತ್ತು ಎಂಬ ಅಂಕಿಯಿದೆ. ನಾಟಕದ ಸಾಹುಕಾರನಿಗೆ ಅವನು ಇಟ್ಟ ಹೆಸರು ಡ್ರೈಸಿಗರ್, ಅದರಲ್ಲಿರುವುದು ಮೂವತ್ತು. ಸಾಹುಕಾರನಿಗೆ ನಾಟಕಕಾರ ಕೊಟ್ಟ ಬಡ್ತಿ ಎನ್ನಬೇಕು.

ಈ ನಾಟಕದಲ್ಲಿ ನಾಯಕನಿಲ್ಲ. ನಲವತ್ತಕ್ಕೂ ಹೆಚ್ಚು ಪಾತ್ರಗಳಿವೆ, ಒಬ್ಬನೂ ಐದು ಅಂಕಗಳುದ್ದಕ್ಕೂ ನಡುವೆ ನಿಲ್ಲುವುದಿಲ್ಲ. ರಾಜಾಪಾರ್ಟು ಯಾರದೆಂದು ನಮ್ಮ ತಾಲೀಮಿನಲ್ಲಿ ಮೊದಲ ದಿನವೇ ಕೇಳಿದರು. ಇಲ್ಲವೆಂದಾಗ ಇಬ್ಬರು ಮರುದಿನ ಬರಲಿಲ್ಲ. (ಅವರು ಈಗ ತಿರುಗಿ ಬಂದಿದ್ದಾರೆ, ಇಲ್ಲಿಯೇ ಕುಳಿತಿದ್ದಾರೆ.)

ಮೊದಲನೆಯ ಅಂಕ ಸಾಹುಕಾರನ ಉಗ್ರಾಣ. ನೇಕಾರರು ನೇಯ್ದ ಬಟ್ಟೆ ಹೊತ್ತು ತಂದು ಸರದಿಯಲ್ಲಿ ನಿಂತಿದ್ದಾರೆ. ಫೈಫರ್ ಎಂಬ ಗುಮಾಸ್ತ ಬಟ್ಟೆಯನ್ನು ತೂಗುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ, ತಪ್ಪು ಹುಡುಕಿ ಕಾಸು ಮುರಿಯುತ್ತಾನೆ. ಇವನೂ ಹಿಂದೆ ನೇಕಾರನೇ ಆಗಿದ್ದವನು. ನಮ್ಮವರಲ್ಲಿ ಈ ಪಾತ್ರಕ್ಕೆ ಮಾತ್ರ ತಾಲೀಮೇ ಬೇಕಾಗಲಿಲ್ಲ. ಜಾಬರರ ಕೈಕೆಳಗೆ ದುಡಿದ ಯಾರಿಗಾದರೂ ಅವನ ಕೆಮ್ಮು, ನಿಲುವು, ನೋಟ ಎಲ್ಲವೂ ಬಾಯಿಪಾಠ. ಸರದಿಯಲ್ಲಿ ನಿಂತ ಒಬ್ಬ ಹುಡುಗ ಹಸಿವಿನಿಂದ ತಲೆಸುತ್ತಿ ಬೀಳುತ್ತಾನೆ. ಆಗ ಸಾಹುಕಾರ ಬರುತ್ತಾನೆ. ಹುಡುಗನನ್ನು ಇಷ್ಟು ದೂರ ಹೊರೆ ಹೊರಿಸಿ ಕಳಿಸಿದ ತಂದೆತಾಯಿಗಳಿಗೆ ಬುದ್ಧಿ ಇಲ್ಲವೆಂದು ಬಯ್ಯುತ್ತಾನೆ. ತನ್ನ ಕಷ್ಟಗಳನ್ನು ತೋಡಿಕೊಳ್ಳುತ್ತಾನೆ. ಕಡೆಗೆ ತನ್ನ ದಯೆಯ ಗುರುತಾಗಿ ಇನ್ನೂ ಇನ್ನೂರು ನೇಕಾರರಿಗೆ ಕೆಲಸ ಕೊಡುವೆನೆಂದು ಸಾರಿ ಹೋಗುತ್ತಾನೆ. ಅವನು ಹೋದ ಮೇಲೆ ಗುಮಾಸ್ತ ದರ ಹೇಳುತ್ತಾನೆ. ಮೊದಲಿಗಿಂತ ಕಡಿಮೆ.

ಎರಡನೆಯ ಅಂಕ ಬೌಮರ್ಟ್ ಎಂಬ ಮುದುಕ ವಾಸವಾಗಿರುವ ಗುಡಿಸಲು. ಮಾಂಸದ ಮುಖ ನೋಡಿ ವರ್ಷಗಳೇ ಕಳೆದಿವೆ. ಸಾಕಿದ ನಾಯಿಯನ್ನು ಕೊಲ್ಲಿಸಿ ಬೇಯಿಸುತ್ತಾರೆ. ಮುದುಕ ಆಸೆಯಿಂದ ಉಣ್ಣುತ್ತಾನೆ, ಹೊಟ್ಟೆ ಅದನ್ನು ಹಿಡಿದುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿದೆ, ಕಾರಿಬಿಡುತ್ತಾನೆ. ಕಾರಿದ್ದಕ್ಕೆ ಅಳುತ್ತಾನೆ. ಇದನ್ನು ಆಡಿ ತೋರಿಸುವುದು ಹೇಗೆಂದು ನಾವು ಬಹಳ ದಿನ ತಲೆಕೆಡಿಸಿಕೊಂಡೆವು. ನಗು ಬಂದರೆ ನಾಟಕ ಹಾಳು. ಬರೀ ಹೇಸಿಗೆ ಬಂದರೂ ಹಾಳು. ಮುದುಕನ ಪಾತ್ರ ಹಿಡಿದಿರುವ ನಮ್ಮ ಸಂಗಾತಿ ಹೇಳಿದರು: "ನಾನು ಜನರ ಕಡೆ ಬೆನ್ನು ಮಾಡಿ ಕೂಡ್ತೀನಿ. ಬೆನ್ನು ಸಾಕು." ನೋಡಿದೆವು. ಸಾಕಾಗಿತ್ತು.

ಅದೇ ಅಂಕದಲ್ಲಿ ಸೈನ್ಯದಿಂದ ಊರಿಗೆ ಮರಳಿದ ಯೇಗರ್ ಎಂಬ ತರುಣ ನೇಕಾರರ ಹಾಡನ್ನು ಓದಿ ಹೇಳುತ್ತಾನೆ. ಅಲ್ಲಿಂದ ಮುಂದೆ ನಾಟಕದಲ್ಲಿ ಹಾಡೇ ನಾಯಕ ಎನ್ನಬಹುದು. ಮೂರನೆಯ ಅಂಕದಲ್ಲಿ ಹೆಂಡದಂಗಡಿಗೆ ಬಂದ ಪೊಲೀಸಿನವನು ಹಾಡು ನಿಷಿದ್ಧವೆನ್ನುತ್ತಾನೆ. ಬೀದಿಯಲ್ಲಿ ಅದೇ ಹಾಡು ಏಳುತ್ತದೆ. ನಾಲ್ಕನೆಯದರಲ್ಲಿ ಸಾಹುಕಾರನ ಮನೆ ಪುಡಿಯಾಗುತ್ತದೆ.

ಪೇಟೆಯ ಬಂಧುಗಳು ಮೂರನೆಯ ಅಂಕವನ್ನು ಗಮನಿಸಿ ನೋಡಬೇಕು. ಅಲ್ಲಿ ನೀವೂ ಇದ್ದೀರಿ. ಹೆಂಡದಂಗಡಿಯವನಿದ್ದಾನೆ, ಚಿಂದಿ ಕೊಳ್ಳುವವನಿದ್ದಾನೆ, ಒಬ್ಬ ಬಡಗಿಯಿದ್ದಾನೆ. ಬಡಗಿಯ ವ್ಯಾಪಾರ ಚೆನ್ನಾಗಿ ನಡೆದಿದೆ, ಏಕೆಂದರೆ ಅವನು ಶವಪೆಟ್ಟಿಗೆ ಮಾಡುವವನು. ನಾಟಕಕಾರ ಇಲ್ಲಿ ಕುಹಕವಾಡುತ್ತಿದ್ದಾನೆಂದು ಕೆಲವರು ಹೇಳಬಹುದು. ನಮಗೆ ಹಾಗೆ ಕಾಣುವುದಿಲ್ಲ. ನೇಕಾರನ ಕೈಯಲ್ಲಿ ಕಾಸಿಲ್ಲದಿದ್ದಾಗ ಆ ಊರಿನಲ್ಲಿ ಯಾವ ವ್ಯಾಪಾರ ಉಳಿಯಬಲ್ಲದೆಂಬ ಲೆಕ್ಕವನ್ನು ಅವನು ತೋರಿಸಿದ್ದಾನೆ. ಗಿರಣಿಯಲ್ಲಿ ಪಗಾರ ತಡವಾದ ತಿಂಗಳು ನಿಮ್ಮ ಉದ್ದರಿ ಪುಸ್ತಕ ಎಷ್ಟು ದಪ್ಪವಾಗುತ್ತದೆಂಬುದು ನಿಮಗೆ ಗೊತ್ತು.

ಐದನೆಯ ಅಂಕದ ಬಗ್ಗೆ ನಮ್ಮ ಮಂಡಳಿಯಲ್ಲಿ ಜಗಳವೇ ಆಗಿದೆ. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಲಾಂಗೆನ್‌ಬೀಲೌ ಹಳ್ಳಿಯಲ್ಲಿ ಹಿಲ್ಸ ಎಂಬ ದೈವಭಕ್ತ ಮುದುಕ. ಹಿಂದೆ ಯುದ್ಧದಲ್ಲಿ ಹೋರಾಡಿದವನು. ದಂಗೆ ಪಾಪವೆಂಬುದು ಅವನ ನಂಬಿಕೆ. ನ್ಯಾಯ ಪರಲೋಕದಲ್ಲಿ ದೊರೆಯುತ್ತದೆಂದು ಕಾದಿದ್ದಾನೆ. ಸೊಸೆ ಲೂಯಿಸಾ ಮಾವನ ಎದುರಿಗೆ ನಿಂತು, ಮಗುವಿಗೆ ಒಂದಿಷ್ಟು ಮಜ್ಜಿಗೆ ದೊರಕದೆ ಅದನ್ನು ಮಣ್ಣಿಗಿಟ್ಟ ಕತೆ ಹೇಳಿ, ಬೀದಿಗೆ ಇಳಿದುಹೋಗುತ್ತಾಳೆ. ಗುಂಡಿನ ಸದ್ದು ಕೇಳುತ್ತದೆ. ಎಲ್ಲರೂ ಕಿಟಕಿಯ ಬಳಿಯಿಂದ ಸರಿದು ಬಾ ಎಂದರೂ ಮುದುಕ ಏಳುವುದಿಲ್ಲ. ದೇವರು ತನ್ನನ್ನು ಕೂರಿಸಿದ ಜಾಗ ಇದೇ ಎಂದು ಮಗ್ಗಕ್ಕೆ ಕುಳಿತು ನೇಯತೊಡಗುತ್ತಾನೆ. ಹೊರಗಿನಿಂದ ಬಂದ ಒಂದು ಗುಂಡು ತಗಲಿ ಮಗ್ಗದ ಮೇಲೆಯೇ ಸಾಯುತ್ತಾನೆ. ಹೊರಗೆ ಜನ ಸಿಪಾಯಿಗಳನ್ನು ಓಡಿಸಿದ ಗದ್ದಲ. ಒಳಗೆ ಅವನ ಕುರುಡು ಹೆಂಡತಿಗೆ, ಗಂಡ ಏಕೆ ಮಾತಾಡುತ್ತಿಲ್ಲವೆಂಬುದು ತಿಳಿಯದು. ನಾಟಕ ಮುಗಿಯಿತು.

ನಮ್ಮಲ್ಲಿ ಅರ್ಧ ಮಂದಿ ಹೇಳಿದರು: ಇದೇನು ಕೊನೆ? ಗೆದ್ದದ್ದನ್ನು ತೋರಿಸದೆ, ಹೋರಾಟಕ್ಕೆ ಬಾರದ ಮುದುಕನ ಸಾವನ್ನು ತೋರಿಸಿ ಪರದೆ ಇಳಿಸುವುದೆ? ಈ ಅಂಕವನ್ನು ಕೈಬಿಟ್ಟು ಸಾಹುಕಾರನ ಮನೆ ಮುರಿದಲ್ಲಿಗೇ ಮುಗಿಸೋಣ. ಚಪ್ಪಾಳೆಯೂ ಅಲ್ಲೇ ಬೀಳುತ್ತದೆ. ಉಳಿದ ಅರ್ಧ ಮಂದಿ ಹೇಳಿದರು: ಸಂಪಿನ ದಿನ ಒಳಗೆ ಹೋಗಿ ಮಗ್ಗದ ಮುಂದೆ ನಿಂತವರು ನಮ್ಮ ಓಣಿಯಲ್ಲೂ ಇದ್ದಾರೆ, ಅವರೆಲ್ಲ ಮಾಲಕರ ಮನುಷ್ಯರಲ್ಲ, ಕೆಲವರು ಹೆದರಿದವರು, ಕೆಲವರು ನಂಬಿದವರು. ಗುಂಡು ಅವರನ್ನೂ ಬಿಡುವುದಿಲ್ಲ. ಅವರನ್ನು ಹೊರಗಿಟ್ಟ ನಾಟಕ ಅರ್ಧ ಊರಿನ ನಾಟಕ. ಮೂರು ಸಂಜೆ ವಾದ ನಡೆಯಿತು. ಐದನೆಯ ಅಂಕ ಉಳಿದಿದೆ. ಹಿಲ್ಸನನ್ನು ಹಾಸ್ಯಗಾರನನ್ನಾಗಿ ಮಾಡಬಾರದೆಂದೂ ಗೊತ್ತುಮಾಡಿಕೊಂಡಿದ್ದೇವೆ. ಒಪ್ಪದವರು ಇನ್ನೂ ಒಪ್ಪಿಲ್ಲ, ಆದರೆ ತಾಲೀಮಿಗೆ ಬರುತ್ತಿದ್ದಾರೆ.

ಇನ್ನು ಟಿಕೀಟಿನ ವಿಷಯ.

1892ರಲ್ಲಿ ಬರ್ಲಿನ್ ಪೊಲೀಸರು ಈ ನಾಟಕವನ್ನು ಸಾರ್ವಜನಿಕವಾಗಿ ಆಡಕೂಡದೆಂದು ನಿಷೇಧಿಸಿದರು. ನೋಡಿದವರು ಕೆರಳುತ್ತಾರೆಂಬುದು ಕಾರಣ. ಆದರೆ ಸದಸ್ಯರಿಗೆ ಮಾತ್ರ ಎಂದು ಆಡುವ ಸಂಘಗಳಿಗೆ ಆ ನಿಷೇಧ ತಾಗುತ್ತಿರಲಿಲ್ಲ. ಹಾಗೆ 1893ರ ಫೆಬ್ರವರಿ 26ರಂದು ಅಂಥ ಒಂದು ಸಂಘ ಮೊದಲ ಪ್ರಯೋಗ ಮಾಡಿತು. (ಅದನ್ನು ನೋಡಿದವರಲ್ಲಿ ಕೇಟೆ ಕೋಲ್‌ವಿಟ್ಸ್ ಎಂಬ ತರುಣ ಚಿತ್ರಕಾರ್ತಿಯೂ ಒಬ್ಬಳು. ಮನೆಗೆ ಹೋಗಿ ಕೈಯಲ್ಲಿದ್ದ ಕೆಲಸ ಬಿಟ್ಟು ನೇಕಾರರ ದಂಗೆಯ ಚಿತ್ರಗಳನ್ನು ಶುರುಮಾಡಿದಳು. 1898ರಲ್ಲಿ ಅವಕ್ಕೆ ಪದಕ ಕೊಡಬೇಕೆಂದು ತೀರ್ಪುಗಾರರು ಶಿಫಾರಸು ಮಾಡಿದರೆ, ಕೈಸರ್ ಒಪ್ಪಲಿಲ್ಲ.) ಸಾರ್ವಜನಿಕ ಪ್ರಯೋಗದ ಸಲುವಾಗಿ ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಇದು ಹಳೆಯ ಕತೆ, ಪ್ರಚಾರದ ನಾಟಕವಲ್ಲ ಎಂದೇ ಹೌಪ್ಟ್‌ಮನ್ನನ ವಕೀಲ ವಾದಿಸಿದ. ಹೌಪ್ಟ್‌ಮನ್ ಸಮಾಜವಾದಿ ಪಕ್ಷದ ಮನುಷ್ಯನಾಗಿರಲಿಲ್ಲ. 1912ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಮುಪ್ಪಿನಲ್ಲಿ ಹಿಟ್ಲರನ ಆಳ್ವಿಕೆಯಲ್ಲಿ ದೇಶ ಬಿಡದೆ, ಎದುರಾಡದೆ ಇದ್ದ. ನಾಟಕ ಬರೆದವನಿಗಿಂತ ನಾಟಕ ದೊಡ್ಡದಾಗಬಹುದೆಂದು ಮಾತ್ರ ಹೇಳಿ ಮುಂದೆ ಹೋಗೋಣ.

1893ರ ಅಕ್ಟೋಬರ್ 2ರಂದು ಪ್ರಷ್ಯಾದ ಉಚ್ಚ ಆಡಳಿತ ನ್ಯಾಯಾಲಯ ತೀರ್ಪು ಕೊಟ್ಟಿತು. ಬರ್ಲಿನ್ನಿನ 'ಡಾಯ್ಚಸ್ ಥಿಯೇಟರ್' ಎಂಬ ರಂಗಮಂದಿರದಲ್ಲಿ ಆಡಬಹುದು. ಕಾರಣ ಕೇಳಿರಿ: ಆ ಮಂದಿರದಲ್ಲಿ ಟಿಕೀಟಿನ ಬೆಲೆ ಹೆಚ್ಚು, ಅಗ್ಗದ ಜಾಗಗಳು ಕಡಿಮೆ, ಅಲ್ಲಿಗೆ ಬರತಕ್ಕವರು ಬಹುಮಟ್ಟಿಗೆ ದೊಂಬಿಗೆ ಇಳಿಯುವ ವರ್ಗದವರಲ್ಲ, ಆದುದರಿಂದ ಶಾಂತಿಭಂಗದ ಭಯವಿಲ್ಲ! ನ್ಯಾಯಾಧೀಶರು ನಾಟಕದ ಒಂದು ಮಾತನ್ನೂ ತೆಗೆಸಬೇಕಾಗಲಿಲ್ಲ. ಬಾಗಿಲಲ್ಲಿ ಕುಳಿತ ಟಿಕೀಟಿನವನೇ ಸಾಕಾದ. ಹಸಿದವರ ನಾಟಕವನ್ನು ಉಂಡವರು ನೋಡುವುದಾದರೆ ಸರಕಾರಕ್ಕೆ ಅಡ್ಡಿಯಿಲ್ಲ. 1894ರ ಸೆಪ್ಟೆಂಬರ್ 25ರಂದು ಅಲ್ಲಿ ನಾಟಕವಾಯಿತು. ಕೈಸರನಿಗೆ ಇಷ್ಟೂ ಹಿಡಿಸಲಿಲ್ಲ. ಆ ಮಂದಿರದಲ್ಲಿ ಅರಮನೆಗೆಂದು ಕಾದಿರಿಸಿದ್ದ ಆಸನಗಳನ್ನೇ ಬಿಟ್ಟುಕೊಟ್ಟ.

ಆದರೆ ಬರ್ಲಿನ್ನಿನ ಕಾರ್ಮಿಕರು ಆ ಬಾಗಿಲ ಮುಂದೆ ಕಾಯುತ್ತ ನಿಂತಿರಲಿಲ್ಲ. 1890ರಲ್ಲಿಯೇ, ಸಮಾಜವಾದಿಗಳ ವಿರುದ್ಧ ಹನ್ನೆರಡು ವರ್ಷ ಜಾರಿಯಲ್ಲಿದ್ದ ಕರಾಳ ಕಾನೂನು ಮುಗಿಯುತ್ತಿದ್ದ ಹೊತ್ತಿಗೆ, ಬ್ರೂನೋ ವಿಲ್ಲೆ ಎಂಬವನ ಕರೆಯಂತೆ ಅವರು 'ಸ್ವತಂತ್ರ ಜನರಂಗಭೂಮಿ' ಎಂಬ ಸಂಘ ಕಟ್ಟಿಕೊಂಡಿದ್ದರು. ಭಾನುವಾರ ಮಧ್ಯಾಹ್ನ ಆಟ, ಏಕೆಂದರೆ ಕಾರ್ಮಿಕನಿಗೆ ಬಿಡುವು ಅಂದೇ. ಒಂದು ಆಟಕ್ಕೆ ಸುಮಾರು ಐವತ್ತು ಫೆನಿಂಗ್, ಅಂದರೆ ಅರ್ಧ ಮಾರ್ಕು. ಎಲ್ಲರಿಗೂ ಒಂದೇ ದರ. ಹಾಗಾದರೆ ಮುಂದಿನ ಸಾಲು ಯಾರಿಗೆ? ಒಳಗೆ ಬರುವಾಗ ಮಡಕೆಯಂಥದೊಂದು ಪಾತ್ರೆಯಲ್ಲಿ ಕೈಹಾಕಿ ಚೀಟಿ ಎತ್ತಬೇಕು. ಚೀಟಿಯಲ್ಲಿ ಬಂದದ್ದೇ ನಿಮ್ಮ ಜಾಗ. ಇಂದು ಕಂಬದ ಹಿಂದೆ ಕುಳಿತವನು ಮುಂದಿನ ತಿಂಗಳು ರಂಗದ ಮುಂದೆ ಕುಳಿತಾನು.

ನಮ್ಮ ಕಂಪನಿ ನಾಟಕಗಳ ಕಾಲವನ್ನು ಬಲ್ಲ ಹಿರಿಯರು ಇಲ್ಲಿದ್ದಾರೆ. ಅಲ್ಲಿ ಕುರ್ಚಿ, ಬೆಂಚು, ನೆಲ ಎಂದು ದರ್ಜೆಗಳು. ಆ ಕಂಪನಿಗಳ ಮೇಲೆ ನಮಗೆ ಸಿಟ್ಟಿಲ್ಲ. ಹಳ್ಳಿಯವನಿಗೂ ಹಮಾಲಿಗೂ ನಾಟಕದ ಹುಚ್ಚು ಹಿಡಿಸಿದವು ಅವೇ. ಆದರೆ ಒಂದು ಮಾತು ನೆನೆಯಿರಿ: ನೆಲದ ಮೇಲೆ ಕುಳಿತವರು 'ಒನ್ಸ್ ಮೋರ್' ಎಂದು ಕೂಗಿ ನಾಟಕವನ್ನು ಎತ್ತುತ್ತಿದ್ದರು, ಕುರ್ಚಿಯವರು ಕೊನೆಯಲ್ಲಿ ನಟನಿಗೆ ಹಾರ ಹಾಕುತ್ತಿದ್ದರು.

ಆ ಬರ್ಲಿನ್ ಸಂಘ 1893ರಲ್ಲಿ 'ನೇಕಾರರು' ನಾಟಕವನ್ನು ತನ್ನ ಸದಸ್ಯರಿಗೆ ತೋರಿಸಿತು. ನ್ಯಾಯಾಲಯ ಯಾರು ನೋಡಬಾರದೆಂದು ಲೆಕ್ಕ ಹಾಕಿತ್ತೋ ಅವರೇ ನೋಡಿದರು. ಸಂಘದ ದಾರಿ ಸುಗಮವಾಗಿತ್ತೆಂದು ಹೇಳುವುದಿಲ್ಲ. 1892ರಲ್ಲಿಯೇ ಜಗಳವಾಗಿ ಎರಡು ಹೋಳಾಯಿತು. ವಿಲ್ಲೆ ಹೊರಬಿದ್ದು ಬೇರೆ ಸಂಘ ಮಾಡಿದ, ಹಳೆಯದು ಫ್ರಾಂಟ್ಸ್ ಮೆಹ್ರಿಂಗನ ಕೈಗೆ ಬಂತು. ಸದಸ್ಯರ ಆಟಗಳನ್ನೂ ಪೊಲೀಸ್ ಪರೀಕ್ಷೆಗೆ ಒಪ್ಪಿಸಬೇಕೆಂದಾಗ, ಒಪ್ಪಿಸುವುದಕ್ಕಿಂತ ಮುಚ್ಚುವುದೇ ಲೇಸೆಂದು 1896ರಲ್ಲಿ ಸಂಘವನ್ನೇ ವಿಸರ್ಜಿಸಿದರು. ಮರುವರ್ಷ ಮತ್ತೆ ಕಟ್ಟಿದರು. ಮುಂದೆ ಎರಡು ಹೋಳುಗಳೂ ಕೂಡಿಕೊಂಡು ಸದಸ್ಯರ ಚಿಲ್ಲರೆ ಕಾಸನ್ನು ಬುನಾದಿ ಮಾಡಿಕೊಂಡು ಸ್ವಂತ ಮಂದಿರಕ್ಕೆ ಕೈಹಾಕಿದವು. 1914ರ ಡಿಸೆಂಬರ್ 30ರಂದು ಅದರ ಬಾಗಿಲು ತೆರೆಯಿತು. ಸುಮಾರು ಎರಡು ಸಾವಿರ ಆಸನಗಳು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ, ಕಾಸು ಕೊಟ್ಟ ಎಷ್ಟೋ ಕೈಗಳು ಬಂದೂಕು ಹಿಡಿದು ಕಂದಕದಲ್ಲಿದ್ದವು. ಮುಂದಿನ ಯುದ್ಧದಲ್ಲಿ ಆ ಕಟ್ಟಡ ಬಾಂಬಿಗೆ ತುತ್ತಾಯಿತು. 1954ರಲ್ಲಿ ಮತ್ತೆ ತೆರೆಯಿತು. ಇಂದಿಗೂ ಅದು ಬರ್ಲಿನ್ನಿನ ದೊಡ್ಡ ರಂಗಮಂದಿರಗಳಲ್ಲೊಂದು.

ಒಂದು ಕೊರತೆಯನ್ನೂ ಹೇಳಬೇಕು. ಅಲ್ಲಿ ಕಾರ್ಮಿಕರು ನೋಡುವವರಾದರು, ಕಾಸು ಕೊಡುವವರಾದರು; ಆಡುವವರು ಮಾತ್ರ ವೃತ್ತಿನಟರು. ರಂಗದ ಮೇಲೆ ಕಾರ್ಮಿಕನೇ ನಿಲ್ಲಬೇಕು, ಅಥವಾ ರಂಗವೇ ಅವನ ಬಾಗಿಲಿಗೆ ಹೋಗಬೇಕು ಎಂಬ ದಾರಿ ಬೇರೆ. ನಮ್ಮ ದೇಶದಲ್ಲಿ ಅದನ್ನು ಹಿಡಿದವರಿದ್ದಾರೆ. ದಿಲ್ಲಿಯ ಜನ ನಾಟ್ಯ ಮಂಚ್ ತಂಡ 1978ರಲ್ಲಿ 'ಮಶೀನ್' ಎಂಬ ಬೀದಿನಾಟಕ ಆಡಿತು. ದಿಲ್ಲಿಯ ಹತ್ತಿರದ ಒಂದು ಕಾರಖಾನೆಯಲ್ಲಿ ಕಾರ್ಮಿಕರು ಸೈಕಲ್ ನಿಲ್ಲಿಸಲು ಒಂದು ಜಾಗ, ಚಹಾ ಕಾಯಿಸಿಕೊಳ್ಳಲು ಒಂದು ಕ್ಯಾಂಟೀನು ಕೇಳಿದ್ದಕ್ಕೆ ಕಾವಲುಗಾರರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ನಾಟಕ ಹುಟ್ಟಿದ್ದು ಅದರಿಂದ. ಹದಿಮೂರು ನಿಮಿಷದ ಆಟ. ನಟರ ಮೈಗಳೇ ಸೇರಿ ಯಂತ್ರವಾಗುತ್ತವೆ, ಯಂತ್ರ ಸದ್ದು ಮಾಡುತ್ತ ತಿರುಗುತ್ತದೆ, ನಿಂತುಬಿಡುತ್ತದೆ. ಪರದೆ ಇಲ್ಲ, ದೀಪ ಇಲ್ಲ, ಟಿಕೀಟು ಇಲ್ಲ. ನಮ್ಮಲ್ಲಿಯೂ 1975ರಲ್ಲಿ ಹುಟ್ಟಿದ ಸಮುದಾಯ ತಂಡದವರು 1979ರ ಜಾಥಾದಲ್ಲಿ ಊರೂರು ತಿರುಗಿ ಬೀದಿಯಲ್ಲೇ ಆಡಿದರು.

ಅಗ್ಗದ ನಾಟಕಕ್ಕೆ ಬೆಲೆ ತೆರಬೇಕಾಗಿಲ್ಲವೆಂದು ತಿಳಿಯಬೇಡಿ. 1989ರ ಜನವರಿ 1ರಂದು ದಿಲ್ಲಿಯಾಚೆಯ ಸಾಹಿಬಾಬಾದಿನ ಝಂಡಾಪುರದಲ್ಲಿ, ಕಾರ್ಮಿಕರ ವಸತಿಯಲ್ಲಿ, ಅದೇ ತಂಡ 'ಹಲ್ಲಾ ಬೋಲ್' ಆಡುತ್ತಿದ್ದಾಗ ಗೂಂಡಾಗಳು ಬಿದ್ದರು. ರಾಮ್ ಬಹಾದುರ್ ಎಂಬ ಕಾರ್ಮಿಕ ಗುಂಡಿಗೆ ಬಲಿಯಾದ. ತಂಡದ ಸಫ್ದರ್ ಹಾಶ್ಮಿಯ ತಲೆಗೆ ಬಿದ್ದ ಪೆಟ್ಟುಗಳಿಂದ ಮರುದಿನ ಆತ ತೀರಿಕೊಂಡ, ವಯಸ್ಸು ಮೂವತ್ತನಾಲ್ಕು. ಜನವರಿ 4ರಂದು ಅವನ ಹೆಂಡತಿ ಮೊಲಯಶ್ರೀ ತಂಡದೊಡನೆ ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದಳು.

ಈಗ ನಮ್ಮ ಗೃಹಸ್ಥರ ಮಾತಿಗೆ ಬರೋಣ. ಅವರ ಸದ್ಭಾವನೆಯನ್ನು ನಾವು ಶಂಕಿಸುವುದಿಲ್ಲ. ಸಭಾಂಗಣದ ಬಾಡಿಗೆ, ದೀಪ, ಧ್ವನಿವರ್ಧಕ ಎಲ್ಲ ಅವರದು. ಮುಂದಿನ ಆರು ಸಾಲಿಗೆ ಮುನ್ನೂರು ರೂಪಾಯಿ, ನಡುವೆ ನೂರು, ಹಿಂದೆ ಐವತ್ತು ಎಂದು ಟಿಕೀಟಿಡಬೇಕು. ಬಂದ ಹಣ ಮಂಡಳಿಗೇ. ಆಟ ರಾತ್ರಿ ಒಂಬತ್ತಕ್ಕೆ. ಲೆಕ್ಕದಲ್ಲಿ ನಮಗೆ ಲಾಭವೇ. ಆದರೆ ಮನೆಯಲ್ಲಿ ನಾಲ್ವರಿದ್ದರೆ ಹಿಂದಿನ ಸಾಲಿಗೇ ಇನ್ನೂರು ರೂಪಾಯಿ; ರಾತ್ರಿ ಪಾಳಿಯವರಿಗಂತೂ ಬಾಗಿಲೇ ಇಲ್ಲ. ಪ್ರಷ್ಯಾದ ನ್ಯಾಯಾಧೀಶರ ತೀರ್ಪನ್ನು ನಾವೇ ನಮ್ಮ ಕೈಯಿಂದ ಜಾರಿಗೆ ತಂದ ಹಾಗಾಗುತ್ತದೆ.

ಆದುದರಿಂದ ಕಾರ್ಯಕಾರಿ ಸಮಿತಿ ಅವರಿಗೆ ವಂದನೆ ಹೇಳಿ, ಹೀಗೆ ಗೊತ್ತುಮಾಡಿದೆ. ಆಟ ಗಿರಣಿ ಚಾಳಿನ ಬಯಲಿನಲ್ಲಿ, ವಾರದ ರಜೆಯ ದಿನ ಮಧ್ಯಾಹ್ನ ಮೂರಕ್ಕೆ. ಎಲ್ಲರಿಗೂ ಇಪ್ಪತ್ತು ರೂಪಾಯಿ, ಮಕ್ಕಳಿಗಿಲ್ಲ. ಬಾಗಿಲಲ್ಲಿ ಮಡಕೆ ಇರುತ್ತದೆ. ಚೀಟಿ ಎತ್ತಿದಲ್ಲಿ ಕೂಡಬೇಕು. ಆ ಗೃಹಸ್ಥರೂ ಬಂದು ಚೀಟಿ ಎತ್ತುವುದಾದರೆ ನಮಗೆ ಸಂತೋಷ. ಮುದುಕರಿಗೂ ಕಣ್ಣು ಕಿವಿ ಮಂದವಾದವರಿಗೂ ಮುಂದೆ ಎರಡು ಸಾಲು ಬಿಡಬೇಕೆಂದು ಕೆಲವು ತಾಯಂದಿರು ಹೇಳಿದ್ದಾರೆ. ಅದು ಸರಿಯಾದ ಮಾತು, ಬರ್ಲಿನ್ನಿನವರಿಗೆ ಹೊಳೆಯಿತೋ ಇಲ್ಲವೋ, ನಾವು ಬಿಡುತ್ತೇವೆ.

ಕೊರತೆ ಬಿದ್ದಿರುವುದನ್ನು ಹೇಳಿ ಕೂಡುತ್ತೇವೆ. ಪಂದಲಿಗೆ ಮೂವತ್ತು ಬೊಂಬು, ಹಗ್ಗ. ಪೇಟೆಯವರು ಒಂದು ದಿನದ ಮಟ್ಟಿಗೆ ಎರವಲು ಕೊಟ್ಟರೆ ಸಾಕು. ನಾಲ್ಕನೆಯ ಅಂಕದಲ್ಲಿ ಒಡೆಯುವುದಕ್ಕೆ ಹಳೆಯ ಪಿಂಗಾಣಿ ಬಟ್ಟಲುಗಳು ಬೇಕು, ಬಿರುಕು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಲೂಯಿಸಾಳ ಪಾತ್ರಕ್ಕೆ ನೂಲಿನ ಖಾತೆಯ ಸೋದರಿಯೊಬ್ಬರು ಒಪ್ಪಿದ್ದಾರೆ, ಆದರೆ ಅವರ ಪಾಳಿ ಬದಲಾಗುವುದಿದೆ. ಆ ವಾರ ಅವರೊಡನೆ ಪಾಳಿ ಬದಲಿಸಿಕೊಳ್ಳಬಲ್ಲವರು ಇಂದೇ ಹೆಸರು ಕೊಡಬೇಕು. ಹಿಲ್ಸ ಮುದುಕನಿಗೆ ಒಂದು ಕೈಮಗ್ಗ ಬೇಕಾಗಿದೆ. ಯಾರ ಮನೆಯ ಅಟ್ಟದಲ್ಲಾದರೂ ಬಿಚ್ಚಿಟ್ಟದ್ದು ಇದ್ದರೆ ತಿಳಿಸಿರಿ, ನಾವೇ ಬಂದು ಇಳಿಸಿಕೊಂಡು ಹೋಗಿ ಜೋಡಿಸುತ್ತೇವೆ. ಲಾಳಿ ಸಿಕ್ಕಿದೆ.